ಇಂಗ್ಲಿಷಿನ ತಪ್ಪುಗಳೂ ಕನ್ನಡದ ವ್ಯಾಕರಣವೂ

೧

ಪರಭಾಷೆಯನ್ನು ಕಲಿಯುವ ವಿದ್ಯಾರ್ಥಿಯ ವ್ಯಾಕರಣದೋಷಗಳನ್ನು ಅವನ ಅಲಕ್ಷ್ಯಕ್ಕೋ ಬುದ್ಧಿಮಾಂದ್ಯಕ್ಕೋ ಕಟ್ಟಿ, ಕೆಂಪು ಶಾಯಿಯ ಗೆರೆಯೆಳೆದು, ಅಂಕಗಳನ್ನು ಕಳೆದು ಮುಂದಿನ ಉತ್ತರಪತ್ರಿಕೆಗೆ ಕೈಹಾಕುವುದು ವಿದ್ಯಾಲಯಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಹೀಗೆ ತಿದ್ದಿಸಿಕೊಂಡ ವಿದ್ಯಾರ್ಥಿಯು ಅದೇ ತಪ್ಪನ್ನು ಮುಂದಿನ ವರ್ಷವೂ ಮಾಡುವನು. ತಿದ್ದಿದ ಉಪಾಧ್ಯಾಯರು ಮುಂದಿನ ವರ್ಷವೂ ಅದೇ ಗೆರೆಯನ್ನೆಳೆಯುವರು. ಒಂದೇ ತಪ್ಪು ಒಬ್ಬನಲ್ಲಿ ಮಾತ್ರವಲ್ಲದೆ ಒಂದು ತರಗತಿಯ ಅನೇಕರಲ್ಲಿ, ವರ್ಷದ ಮೇಲೆ ವರ್ಷ, ಒಂದೇ ರೂಪದಲ್ಲಿ ಕಾಣಿಸಿಕೊಳ್ಳುವುದಾದರೆ ಅದನ್ನು ಅಲಕ್ಷ್ಯವೆಂದು ಕರೆಯುವುದು ಯುಕ್ತವಲ್ಲ. ಅಲಕ್ಷ್ಯಕ್ಕೆ ಕ್ರಮವಿರುವುದಿಲ್ಲ, ಈ ತಪ್ಪುಗಳಿಗೆ ಕ್ರಮವುಂಟು. ಕ್ರಮವುಳ್ಳದ್ದಕ್ಕೆ ಕಾರಣವೂ ಇದ್ದೇ ಇರಬೇಕು. ದೋಷವಿದೆಯೆಂದು ತೋರಿಸಿದಷ್ಟಕ್ಕೆ ಪರೀಕ್ಷಕನ ಕೆಲಸ ಮುಗಿಯಿತು. ಅದು ಎಲ್ಲಿಂದ ಬಂದಿತೆಂದು ವಿಚಾರಿಸುವುದು ವಿಮರ್ಶಕನ ಕೆಲಸ.

ಈ ವಿಚಾರಕ್ಕೆ ದಕ್ಷಿಣ ಬೆಂಗಳೂರಿಗಿಂತ ಒಳ್ಳೆಯ ಕ್ಷೇತ್ರವು ದೊರೆಯುವುದು ಕಷ್ಟ. ೧೯೪೮ರಲ್ಲಿ ಅಸ್ತಿಭಾರವನ್ನು ಕಂಡ ಜಯನಗರ, ಅದರಿಂದಾಚೆಗೆ ಬೆಳೆದ ಜಯಪ್ರಕಾಶ ನಗರ, ಬನಶಂಕರಿ, ಬೈರಸಂದ್ರ ತಾವರೆಕೆರೆ ಮಡಿವಾಳಗಳೆಂಬ ಮೂರು ಊರುಗಳ ಹೆಸರುಗಳಿಂದ ಇಂಗ್ಲಿಷಿನ ಒಂದೊಂದು ಅಕ್ಷರವನ್ನು ತೆಗೆದು ಕಟ್ಟಿದ ಬಿ.ಟಿ.ಎಂ. ಬಡಾವಣೆ, ಇವುಗಳಲ್ಲಿ ಹತ್ತಾರು ಕಾಲೇಜುಗಳಿವೆ. ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರಗಳ ಕಡೆಯಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ತರುಣತರುಣಿಯರು ಇಲ್ಲಿಗೆ ಬಂದು, ವಾಣಿಜ್ಯವನ್ನೋ ವಿಜ್ಞಾನವನ್ನೋ ಇಂಗ್ಲಿಷಿನಲ್ಲಿ ಕಲಿಯಬೇಕಾಗುವುದು. ಅವರ ಪಕ್ಕದ ಬೆಂಚಿನಲ್ಲಿ ಮೊದಲಿನಿಂದಲೂ ಇಂಗ್ಲಿಷ್ ಮಾಧ್ಯಮದಲ್ಲಿಯೇ ಓದಿ, ಮನೆಯಲ್ಲಿ ಕನ್ನಡವನ್ನೋ ತೆಲುಗು ತಮಿಳು ಉರ್ದುಗಳನ್ನೋ ಆಡುವ ನಗರದ ಮಕ್ಕಳು ಕುಳಿತಿರುವರು. ತಪ್ಪುಗಳು ಇಬ್ಬರಲ್ಲಿಯೂ ಉಂಟು. ಆದರೆ ನಗರದವನ ತಪ್ಪು ವೇಗವಾದ ಮಾತಿನಲ್ಲಿ ಮರೆಯಾಗುವುದು. ಹಳ್ಳಿಯವನ ತಪ್ಪು ತಡವರಿಕೆಯೊಡನೆ ಬಂದು ನಗೆಗೆ ಗುರಿಯಾಗುವುದು. ಎರಡು ಮೂರು ಸಲ ನಗೆಗೀಡಾದವನು ಆಮೇಲೆ ತರಗತಿಯಲ್ಲಿ ಬಾಯಿ ತೆರೆಯುವುದಿಲ್ಲ. ಬಾಯಿ ತೆರೆಯದವನಿಗೆ ಭಾಷೆ ಬಾರದು. ಭಾಷೆ ಬಾರದವನಿಗೆ, ವಿಷಯಜ್ಞಾನವೆಷ್ಟಿದ್ದರೂ, ಉದ್ಯೋಗದ ಸಂದರ್ಶನದಲ್ಲಿ ಸ್ಥಾನ ದೊರೆಯದು. ಆದುದರಿಂದ ಈ ಪ್ರಶ್ನೆಯು ಕೇವಲ ವ್ಯಾಕರಣಶಾಸ್ತ್ರದ್ದಲ್ಲ. ಅನೇಕ ಸಂಸಾರಗಳ ಜೀವನೋಪಾಯಕ್ಕೆ ಸಂಬಂಧಪಟ್ಟುದು.

೨

ಭಾರತೀಯರ ಇಂಗ್ಲಿಷಿನಲ್ಲಿ ತಪ್ಪು ಹುಡುಕುವ ಕಾರ್ಯಕ್ಕೆ ದೀರ್ಘವಾದ ಚರಿತ್ರೆಯುಂಟು. ಮೆಕಾಲೆಯ ೧೮೩೫ನೆಯ ಇಸವಿಯ ಅಭಿಪ್ರಾಯಪತ್ರದ ಫಲವಾಗಿ ಇಂಗ್ಲಿಷ್ ವಿದ್ಯಾಭ್ಯಾಸವು ಬೇರೂರಿತು. ಅದಾಗಿ ಅರುವತ್ತು ವರ್ಷಗಳಾಗುವುದರೊಳಗಾಗಿಯೇ, ೧೮೯೧ರಲ್ಲಿ, ಆರ್ನಲ್ಡ್ ರೈಟ್ ಎಂಬಾತನು ಭಾರತೀಯ ಪತ್ರಿಕೆಗಳ ಇಂಗ್ಲಿಷಿನಿಂದ ಹಾಸ್ಯಾಸ್ಪದ ವಾಕ್ಯಗಳನ್ನು ಆಯ್ದು ‘ಬಾಬು ಇಂಗ್ಲಿಷ್’ ಎಂಬ ಹೆಸರಿನಿಂದ ಪ್ರಕಟಿಸಿದನು. ನಗಿಸುವುದೇ ಆ ಪುಸ್ತಕದ ಉದ್ದೇಶ. ೧೯೦೭ರಲ್ಲಿ ಹೊರಬಂದ ಜಿ. ಸಿ. ವಿಟ್ವರ್ತನ ‘ಇಂಡಿಯನ್ ಇಂಗ್ಲಿಷ್’ ಎಂಬ ಗ್ರಂಥವು ಅದಕ್ಕಿಂತ ಗಂಭೀರವಾದುದು. ಭಾರತೀಯರು ಬರೆಯುವ ಇಂಗ್ಲಿಷಿನಲ್ಲಿ ನುಡಿಗಟ್ಟಿನ ದೋಷಗಳೆಲ್ಲಿ ಬರುತ್ತವೆಯೆಂದು ಅದು ಪರಿಶೀಲಿಸಿತು. ಅನಂತರ, ೧೯೩೦ರ ದಶಕದಲ್ಲಿ, ಪಿ. ಸಿ. ರೆನ್ ಮತ್ತು ಎಚ್. ಮಾರ್ಟಿನ್ ಇವರ ವ್ಯಾಕರಣವು ಬಂದು ಮನೆಮನೆಯ ಪುಸ್ತಕವಾಯಿತು. ಕಥೆಗಾರನೆಂದು ಹೆಸರಾದ ಆ ರೆನ್ನನೇ ಈ ವ್ಯಾಕರಣದ ಕರ್ತೃಗಳಲ್ಲಿ ಒಬ್ಬನೆಂಬುದನ್ನು ಎಷ್ಟೋ ವಿದ್ಯಾರ್ಥಿಗಳು ಅರಿಯರು. ಅಜ್ಜನು ಉಪಯೋಗಿಸಿದ ಈ ಪುಸ್ತಕವನ್ನು ಮೊಮ್ಮಗನೂ ಕೊಂಡು ಓದುತ್ತಿರುವುದು ಬೆಂಗಳೂರಿನಲ್ಲಿ ಅಪೂರ್ವವಲ್ಲ.

ಈ ಗ್ರಂಥಗಳೆಲ್ಲಕ್ಕೂ ಸಾಮಾನ್ಯವಾದ ಒಂದು ಕೊರತೆಯಿದೆ. ವಿದ್ಯಾರ್ಥಿಯ ಮನಸ್ಸಿನಲ್ಲಿ ಇಂಗ್ಲಿಷು ಬರುವುದಕ್ಕೆ ಮುಂಚೆ ಇನ್ನೊಂದು ವ್ಯಾಕರಣವು ನೆಲಸಿದೆಯೆಂಬುದನ್ನು ಅವು ಗಣನೆಗೆ ತಂದುಕೊಳ್ಳುವುದಿಲ್ಲ. ಖಾಲಿ ಹಲಗೆಯ ಮೇಲೆ ನಿಯಮಗಳನ್ನು ಬರೆಯುವಂತೆ ಬರೆದುಕೊಂಡು ಹೋಗುತ್ತವೆ. ಕನ್ನಡದ ಹುಡುಗನ ಹಲಗೆ ಖಾಲಿಯಿಲ್ಲ. ಅದರ ಮೇಲೆ ವಿಭಕ್ತಿಗಳೂ ಕ್ರಿಯಾರೂಪಗಳೂ ಅವ್ಯಯಗಳೂ ಬಾಲ್ಯದಿಂದಲೇ ಅಚ್ಚೊತ್ತಿವೆ. ಹೊಸ ಬರವಣಿಗೆಯು ಆ ಅಚ್ಚಿನ ಮೇಲೆಯೇ ಬೀಳಬೇಕು. ಮಾತೃಭಾಷೆಯನ್ನೂ ಕಲಿಯುವ ಭಾಷೆಯನ್ನೂ ಅಕ್ಕಪಕ್ಕದಲ್ಲಿರಿಸಿ ನೋಡಿದರೆ ವಿದ್ಯಾರ್ಥಿಯು ಎಲ್ಲೆಲ್ಲಿ ಎಡವುವನೆಂಬುದನ್ನು ಮುಂದಾಗಿಯೇ ಹೇಳಬಹುದೆಂಬ ವಾದವನ್ನು ಅಮೆರಿಕದ ರಾಬರ್ಟ್ ಲಾಡೋ ೧೯೫೭ರ ತನ್ನ ಗ್ರಂಥದಲ್ಲಿ ಮಂಡಿಸಿದನು. ಆ ವಾದವು ಕನ್ನಡಿಗರ ಮಟ್ಟಿಗೆ ಎಷ್ಟರವರೆಗೆ ನಿಲ್ಲುವುದೆಂಬುದನ್ನು ಪ್ರತ್ಯಕ್ಷ ಉದಾಹರಣೆಗಳಿಂದ ಪರೀಕ್ಷಿಸಬೇಕು.

೩

ಮೊದಲು ವಿಭಕ್ತಿಗಳನ್ನು ತೆಗೆದುಕೊಳ್ಳಬಹುದು. ‘ಐ ಆಮ್ ಸ್ಟೇಯಿಂಗ್ ಇನ್ ಜಯನಗರ ಫ್ರಮ್ ಟೂ ಇಯರ್ಸ್’ ಎಂಬ ವಾಕ್ಯವು ದಕ್ಷಿಣ ಬೆಂಗಳೂರಿನಲ್ಲಿ ದಿನಕ್ಕೆ ಹಲವು ಸಲ ಕಿವಿಗೆ ಬೀಳುವಂತಹುದು. ಇದರ ಹಿಂದೆ ‘ಎರಡು ವರ್ಷದಿಂದ ಜಯನಗರದಲ್ಲಿ ಇದ್ದೇನೆ’ ಎಂಬ ನಿರ್ದುಷ್ಟವಾದ ಕನ್ನಡ ವಾಕ್ಯವಿದೆ. ಕನ್ನಡದ ‘ಇಂದ’ ಎಂಬ ಒಂದೇ ಪ್ರತ್ಯಯವು ಹೊರಟ ಸ್ಥಳವನ್ನೂ, ಕಾರಣವನ್ನೂ, ಸಾಧನವನ್ನೂ, ಕಾಲದ ಆರಂಭವನ್ನೂ, ಕಾಲದ ಅಳತೆಯನ್ನೂ ಹೇಳಬಲ್ಲುದು: ಮೈಸೂರಿನಿಂದ ಬಂದನು, ಜ್ವರದಿಂದ ನರಳಿದನು, ಕತ್ತಿಯಿಂದ ಕೊಯ್ದನು, ಸೋಮವಾರದಿಂದ ಓದಿದನು, ಎರಡು ದಿನದಿಂದ ಓದುತ್ತಿದ್ದಾನೆ. ಇಂಗ್ಲಿಷು ಇದೇ ಕ್ಷೇತ್ರವನ್ನು ಫ್ರಮ್, ವಿತ್, ಸಿನ್ಸ್, ಫಾರ್ ಮೊದಲಾದ ಬೇರೆಬೇರೆ ಶಬ್ದಗಳಿಗೆ ಹಂಚಿಕೊಟ್ಟಿದೆ. ಒಂದು ಇದ್ದಲ್ಲಿ ಹಲವನ್ನು ಆರಿಸಬೇಕಾದವನು ತಡವರಿಸುವುದು ಸಹಜ. ಮೇಲಾಗಿ, ಆರಂಭವಾಗಿ ಇನ್ನೂ ಮುಗಿಯದ ಸ್ಥಿತಿಗೆ ಕನ್ನಡವು ವರ್ತಮಾನವನ್ನೇ ಬಳಸುವುದು; ಇಂಗ್ಲಿಷು ‘ಹ್ಯಾವ್ ಬೀನ್’ ಎಂಬ ಸಂಯುಕ್ತರೂಪವನ್ನು ಬೇಡುವುದು. ಹೀಗೆ ಒಂದು ವಾಕ್ಯದ ಎರಡು ತಪ್ಪುಗಳಿಗೆ ಒಂದೇ ಮೂಲ.

ಸಪ್ತಮಿಯ ಕಥೆಯೂ ಇದೇ. ಮನೆಯಲ್ಲಿ, ಬಸ್ಸಿನಲ್ಲಿ, ನಿಲ್ದಾಣದಲ್ಲಿ ಎಂದು ಕನ್ನಡವು ಎಲ್ಲಕ್ಕೂ ‘ಅಲ್ಲಿ’ ಎನ್ನುವುದು. ಇಂಗ್ಲಿಷಿನಲ್ಲಿ ಮನೆಗೆ ಇನ್, ಬಸ್ಸಿಗೆ ಆನ್, ನಿಲ್ದಾಣಕ್ಕೆ ಆ್ಯಟ್. ಇವುಗಳ ನಡುವಣ ಭೇದವನ್ನು ಪಟ್ಟಿಯಾಗಿ ಬಾಯಿಪಾಠಮಾಡಿದವನು ಪಟ್ಟಿಯಲ್ಲಿಲ್ಲದ ಮೊದಲನೆಯ ಶಬ್ದ ಬಂದೊಡನೆ ಮುಗ್ಗರಿಸುವನು.

ಎರಡನೆಯದು, ನಾಮಪದದ ಹಿಂದೆ ಬರುವ ‘ಎ’ ಮತ್ತು ‘ದ’ ಎಂಬ ಚಿಕ್ಕ ಶಬ್ದಗಳು. ಪರೀಕ್ಷಕರಿಗೆ ಅತ್ಯಂತ ಬೇಸರವನ್ನುಂಟುಮಾಡುವ ತಪ್ಪುಗಳು ಇವುಗಳದ್ದೇ: ಬೇಕಾದಲ್ಲಿ ಬಿಡುವುದು, ಬೇಡವಾದಲ್ಲಿ ಸೇರಿಸುವುದು. ಕನ್ನಡದಲ್ಲಿ ಇಂತಹ ಶಬ್ದಗಳಿಲ್ಲ, ಆದುದರಿಂದ ಕನ್ನಡಿಗನಿಗೆ ಈ ಭಾವನೆಯೇ ಇಲ್ಲವೆಂದು ಹೇಳಿ ಮುಗಿಸುವವರುಂಟು. ಇದು ಅವಸರದ ತೀರ್ಮಾನ. ‘ಅವನು ಪುಸ್ತಕ ಓದಿದ’ ಎಂಬುದಕ್ಕೂ ‘ಅವನು ಪುಸ್ತಕವನ್ನು ಓದಿದ’ ಎಂಬುದಕ್ಕೂ ಇರುವ ಅಂತರವನ್ನು ಗಮನಿಸಬೇಕು. ಮೊದಲನೆಯದರಲ್ಲಿ ಯಾವುದೋ ಪುಸ್ತಕ. ಎರಡನೆಯದರಲ್ಲಿ ಸಾಮಾನ್ಯವಾಗಿ ಕೇಳುವವನಿಗೂ ಗೊತ್ತಿರುವ, ಇಂತಹುದೆಂದು ನಿಶ್ಚಿತವಾದ ಪುಸ್ತಕ. ಇಂಗ್ಲಿಷು ಶಬ್ದದ ಹಿಂದೆ ‘ದ’ ಇಟ್ಟು ಸೂಚಿಸುವ ಅರ್ಥದ ಒಂದು ಭಾಗವನ್ನು ಕನ್ನಡವು ಶಬ್ದದ ಮುಂದೆ ‘ಅನ್ನು’ ಸೇರಿಸಿ ಸೂಚಿಸಬಲ್ಲುದು. ಕರ್ಮಪದದ ಮಟ್ಟಿಗಾದರೂ ಈ ಸಾಮ್ಯವನ್ನು ಮೊದಲು ತೋರಿಸಿದರೆ, ವಿದ್ಯಾರ್ಥಿಗೆ ಅಪರಿಚಿತವಾದ ನಿಯಮವು ಪರಿಚಿತವಾದ ಭಾವನೆಯ ಹೊಸ ವೇಷವಾಗಿ ಕಾಣುವುದು. ಆದರೆ ಹೀಗೆ ತೋರಿಸಬೇಕಾದರೆ ಉಪಾಧ್ಯಾಯರಿಗೆ ಕನ್ನಡ ವಾಕ್ಯದ ರಚನೆಯು ತಿಳಿದಿರಬೇಕು.

ಮೂರನೆಯದು, ಬೆಂಗಳೂರಿನ ಇಂಗ್ಲಿಷಿಗೆ ವಿಶಿಷ್ಟವಾದ ಅವ್ಯಯಗಳ ಗುಂಪು. ‘ಹಿ ಈಸ್ ನಾಟ್ ಕಮಿಂಗ್, ಇಟ್ ಸೀಮ್ಸ್’ ಎಂಬಲ್ಲಿ ಕೊನೆಯ ಎರಡು ಶಬ್ದಗಳು ಕನ್ನಡದ ‘ಅಂತೆ’ಯ ಭಾಷಾಂತರ. ತಾನು ಕಣ್ಣಾರೆ ಕಂಡುದಲ್ಲ, ಇತರರಿಂದ ಕೇಳಿದುದು ಎಂಬುದನ್ನು ಒಂದೇ ಅವ್ಯಯದಿಂದ ತಿಳಿಸುವ ಸೌಕರ್ಯ ಕನ್ನಡಕ್ಕುಂಟು, ಇಂಗ್ಲಿಷಿಗಿಲ್ಲ. ಕನ್ನಡಿಗನು ಆ ಸೌಕರ್ಯವನ್ನು ಬಿಡಲೊಲ್ಲದೆ ಹತ್ತಿರದ ಶಬ್ದವೊಂದನ್ನು ಅದಕ್ಕೆ ನೇಮಿಸಿಕೊಂಡನು. ಇಂಗ್ಲಿಷರ ಬಳಕೆಯಲ್ಲಾದರೋ ‘ಇಟ್ ಸೀಮ್ಸ್’ ಎಂದರೆ ಆಡುವವನು ತಾನೇ ಲಕ್ಷಣಗಳನ್ನು ನೋಡಿ ಊಹಿಸಿದನೆಂದು ಅರ್ಥ. ಆದುದರಿಂದ ‘ಮ್ಯಾನೇಜರ್ ಈಸ್ ಇಲ್, ಇಟ್ ಸೀಮ್ಸ್’ ಎಂದು ಬೆಂಗಳೂರಿನ ನೌಕರನು ಕೇಳಿದ ಸುದ್ದಿಯನ್ನು ಪ್ರಾಮಾಣಿಕವಾಗಿ ಒಪ್ಪಿಸಿದರೆ, ಪರದೇಶದವನು ಅದನ್ನು ಅವನ ಸ್ವಂತ ಅನುಮಾನವೆಂದು ಗ್ರಹಿಸುವ ಸಂಭವವುಂಟು. ಅದೇ ರೀತಿ ‘ದೇರ್ ಓನ್ಲಿ’ ಎಂಬಲ್ಲಿನ ‘ಓನ್ಲಿ’ಯು ‘ಅಲ್ಲೇ’ ಎಂಬುದರ ಅವಧಾರಣೆಯ ಏಕಾರ. ‘ಐ ಕೇಮ್ ಸಿಂಪ್ಲಿ’ ಎಂಬುದು ‘ಸುಮ್ಮನೆ ಬಂದೆ’. ‘ಹೂ ಆಲ್ ಕೇಮ್’ ಎಂಬುದು ‘ಯಾರ್ಯಾರು ಬಂದರು’. ‘ಹಾಟ್ ಹಾಟ್ ಕಾಫಿ’ ಎಂಬುದು ‘ಬಿಸಿಬಿಸಿ ಕಾಫಿ’. ಉಪಾಧ್ಯಾಯರ ಮಾತನ್ನೆತ್ತುವಾಗ ‘ಹಿ’ ಎನ್ನಲು ಮನಸ್ಸೊಪ್ಪದೆ, ವಾಕ್ಯವಾಕ್ಯಕ್ಕೂ ‘ಸರ್’ ‘ಸರ್’ ಎಂದೇ ಹೇಳುತ್ತ ಹೋಗುವುದು, ‘ಅವನು’ ‘ಅವರು’ಗಳ ಭೇದವನ್ನರಿಯದ ಭಾಷೆಯಲ್ಲಿ ಗೌರವವನ್ನು ಉಳಿಸಿಕೊಳ್ಳುವ ಉಪಾಯ. ಈ ಪ್ರಯೋಗಗಳಲ್ಲಿ ಯಾವುದೂ ಅಜ್ಞಾನದಿಂದ ಹುಟ್ಟಿದುದಲ್ಲ. ಕನ್ನಡದಲ್ಲಿ ಹೇಳಬಲ್ಲ ಸೂಕ್ಷ್ಮವೊಂದನ್ನು ಇಂಗ್ಲಿಷಿನಲ್ಲಿಯೂ ಹೇಳಬೇಕೆಂಬ ಹಂಬಲದಿಂದ ಹುಟ್ಟಿದುವು.

ವಾಕ್ಯದ ತುದಿಯಲ್ಲಿ ಬರುವ ಪ್ರಶ್ನೆಯೂ ಹೀಗೆಯೇ. ‘ಯು ಆರ್ ಕಮಿಂಗ್, ಈಸಂಟ್ ಇಟ್’ ಎಂಬುದು ‘ಬರುತ್ತೀರಿ, ಅಲ್ಲವೇ’ ಎಂಬುದರ ಪಡಿನೆಳಲು. ಕರ್ತೃ ಕಾಲ ಯಾವುದಾದರೂ ಕನ್ನಡಕ್ಕೆ ‘ಅಲ್ಲವೇ’ ಒಂದೇ ಸಾಕು. ಫ್ರೆಂಚರಿಗೂ ಜರ್ಮನರಿಗೂ ಇಂತಹ ಒಂದೇ ನುಡಿ ಸಾಕು. ಪ್ರತಿಯೊಂದು ವಾಕ್ಯಕ್ಕೂ ಬೇರೆ ಬಾಲವನ್ನು ಕಟ್ಟುವ ತೊಡಕು ಇಂಗ್ಲಿಷಿನ ವೈಚಿತ್ರ್ಯವೇ ಹೊರತು ಕನ್ನಡಿಗನ ಕೊರತೆಯಲ್ಲ.

೪

ಇಷ್ಟನ್ನು ನೋಡಿ, ಎಲ್ಲ ತಪ್ಪುಗಳಿಗೂ ಮಾತೃಭಾಷೆಯೇ ಕಾರಣವೆಂದು ಸಾರುವುದಕ್ಕೆ ಯಾರಾದರೂ ಹೊರಟರೆ ಅವರು ಎರಡನೆಯ ಹಳ್ಳಕ್ಕೆ ಬೀಳುವರು. ಕಾಲೇಜುಗಳಲ್ಲಿ ಹಾಗೆ ಹೇಳುವ ರೂಢಿಯೂ ಉಂಟು. ‘ಕನ್ನಡ ಮಾಧ್ಯಮದವನು’ ಎಂಬ ಒಂದೇ ಮಾತಿನಲ್ಲಿ ಎಲ್ಲ ದೋಷಗಳನ್ನೂ ವಿವರಿಸಿದೆವೆಂದು ತೃಪ್ತಿಪಡುವವರಿದ್ದಾರೆ. ಆದರೆ ಕೆಲವು ಉದಾಹರಣೆಗಳು ಆ ವಿವರಣೆಗೆ ಬಗ್ಗುವುದಿಲ್ಲ.

‘ಶೀ ಗೋ ಟು ಕಾಲೇಜ್’ ಎಂಬ ತಪ್ಪನ್ನು ನೋಡಬೇಕು. ಪ್ರಥಮಪುರುಷದ ಏಕವಚನದಲ್ಲಿ ಕ್ರಿಯಾಪದಕ್ಕೆ ಸೇರಬೇಕಾದ ಸಕಾರವು ಇಲ್ಲಿ ಬಿಟ್ಟುಹೋಗಿದೆ. ಕನ್ನಡದ ಪ್ರಭಾವದಿಂದ ಬಿಟ್ಟುಹೋಯಿತೆನ್ನಲು ಆಸ್ಪದವಿಲ್ಲ. ಕನ್ನಡದಲ್ಲಿ ಕ್ರಿಯಾಪದವು ಪುರುಷವನ್ನೂ ವಚನವನ್ನೂ ಲಿಂಗವನ್ನೂ ತೋರಿಸುವುದು: ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ, ಹೋಗುತ್ತಾರೆ. ಇಷ್ಟು ರೂಪಗಳನ್ನು ಶಾಲೆಗೆ ಹೋಗುವ ಮುಂಚೆಯೇ ಲೀಲೆಯಿಂದ ಬಳಸಿದವನು ಇಂಗ್ಲಿಷಿನ ಒಂದೇ ಒಂದು ಸಕಾರದಲ್ಲಿ ಎಡವುವನು. ಇದಕ್ಕೆ ಕಾರಣವು ಇಂಗ್ಲಿಷಿನೊಳಗೇ ಇದೆ. ಐ, ಯು, ವೀ, ದೇ ಎಲ್ಲಕ್ಕೂ ಬರಿಯ ‘ಗೋ’ ಸಾಕಾಗಿರುವಲ್ಲಿ ಒಂದಕ್ಕೆ ಮಾತ್ರ ಪ್ರತ್ಯಯವನ್ನು ಉಳಿಸಿಕೊಂಡುದರಿಂದ ಅದು ಒಂಟಿಯಾಗಿ ನಿಂತಿದೆ. ಪ್ರತ್ಯಯವಿಲ್ಲದಿದ್ದರೂ ‘ಶೀ’ ಎಂಬ ಸರ್ವನಾಮದಿಂದಲೇ ಅರ್ಥವು ತಿಳಿಯುವುದು. ಹೀಗೆ ಅರ್ಥಕ್ಕೆ ಬೇಡವಾದ ಪ್ರತ್ಯಯವನ್ನು ಲೋಕದ ನಾನಾ ಭಾಷೆಗಳವರು ತಡವಾಗಿಯೇ ಕಲಿಯುವರು.

‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’, ‘ಐ ಆಮ್ ನೋಯಿಂಗ್ ಹಿಮ್’ ಎಂಬ ಪ್ರಸಿದ್ಧವಾದ ತಪ್ಪುಗಳೂ ಹೀಗೆಯೇ ವಿಚಾರಯೋಗ್ಯ. ‘ನನಗೆ ಇಬ್ಬರು ಅಣ್ಣಂದಿರಿದ್ದಾರೆ’, ‘ಅವನು ನನಗೆ ಗೊತ್ತು’ ಎಂದಲ್ಲದೆ ಕನ್ನಡಿಗನಾರೂ ‘ಅವನನ್ನು ಗೊತ್ತುಮಾಡುತ್ತಿದ್ದೇನೆ’ ಎನ್ನುವುದಿಲ್ಲ. ಆದುದರಿಂದ ಕನ್ನಡವನ್ನು ಇಲ್ಲಿ ಹಳಿಯುವುದು ಅನ್ಯಾಯ. ಕಾರಣಗಳು ಹಲವಿರಬಹುದು. ‘ಈಸ್’ ‘ಆರ್’ಗಳೊಡನೆ ‘ಇಂಗ್’ ಸೇರಿಸಿ ಮಾಡುವ ವಾಕ್ಯಗಳನ್ನು ಶಾಲೆಗಳಲ್ಲಿ ಮೊದಮೊದಲೇ, ಕೈಯಾಡಿಸಿ ತೋರಿಸುತ್ತ, ಅತಿಯಾಗಿ ಅಭ್ಯಾಸಮಾಡಿಸುವುದು ಒಂದು. ಒಮ್ಮೆ ಕಲಿತ ಮಾದರಿಯನ್ನು ಎಲ್ಲ ಕ್ರಿಯಾಪದಗಳಿಗೂ ಹಬ್ಬಿಸುವುದು ಕಲಿಯುವವನ ಸ್ವಭಾವವಾಗಿರುವುದು ಇನ್ನೊಂದು. ಉಪಾಧ್ಯಾಯರೂ ನೆರೆಹೊರೆಯವರೂ ಹಾಗೆಯೇ ಮಾತನಾಡುವುದರಿಂದ ಅದೇ ಸರಿಯೆಂದು ಕಿವಿಗೆ ಒಗ್ಗಿಹೋಗಿರುವುದು ಮೂರನೆಯದು.

ಇಂತಹ ಉದಾಹರಣೆಗಳಿಂದಲೇ ಲಾಡೋವಿನ ವಾದವು ಸಡಿಲಗೊಂಡಿತು. ಎಡಿನ್ಬರೋದ ಪಿಟ್ ಕಾರ್ಡರ್ ೧೯೬೭ರಲ್ಲಿ ಬರೆದ ಪ್ರಬಂಧದಲ್ಲಿ, ಆಯಾಸದಿಂದಲೋ ಅವಸರದಿಂದಲೋ ಆಗುವ ಜಾರಿಕೆ ಬೇರೆ, ವಿದ್ಯಾರ್ಥಿಯು ತನ್ನೊಳಗೆ ಕಟ್ಟಿಕೊಂಡಿರುವ ನಿಯಮದಿಂದ ಹೊರಡುವ ತಪ್ಪು ಬೇರೆ ಎಂದು ವಿಂಗಡಿಸಿದನು. ಮೊದಲನೆಯದನ್ನು ಅವನೇ ತಿದ್ದಿಕೊಳ್ಳಬಲ್ಲನು. ಎರಡನೆಯದು ಅವನ ಕಲಿಕೆಯು ಎಲ್ಲಿಯವರೆಗೆ ಬಂದಿದೆಯೆಂಬುದನ್ನು ಉಪಾಧ್ಯಾಯನಿಗೆ ತೋರಿಸುವ ಸಾಕ್ಷ್ಯ. ೧೯೭೨ರಲ್ಲಿ ಲ್ಯಾರಿ ಸೆಲಿಂಕರನು ಇದನ್ನು ಇನ್ನೂ ಮುಂದುವರಿಸಿ, ಕಲಿಯುವವನ ಬಾಯಲ್ಲಿರುವುದು ಅವನ ಮಾತೃಭಾಷೆಯೂ ಅಲ್ಲ, ಗುರಿಯಾದ ಭಾಷೆಯೂ ಅಲ್ಲ, ತನ್ನದೇ ಆದ ನಿಯಮಗಳುಳ್ಳ ಒಂದು ನಡುಭಾಷೆಯೆಂದು ಹೇಳಿದನು. ಆ ನಡುಭಾಷೆಯು ಕೆಲವು ಕಡೆ ಮುಂದೆ ಸಾಗದೆ ಹೆಪ್ಪುಗಟ್ಟಿ ನಿಲ್ಲುವುದುಂಟೆಂಬುದನ್ನೂ ಅವನು ಗಮನಿಸಿದನು. ಜಯನಗರದ ಕಾಲೇಜಿನ ಉತ್ತರಪತ್ರಿಕೆಯಲ್ಲಿ ಕಾಣುವುದು ಕೆಟ್ಟ ಇಂಗ್ಲಿಷಲ್ಲ. ದಾರಿಯ ನಡುವಿನಲ್ಲಿರುವ ಇಂಗ್ಲಿಷು. ಎಷ್ಟೋ ವೇಳೆ ದಾರಿ ತೋರಿಸುವವರಿಲ್ಲದೆ ಅಲ್ಲಿಯೇ ನಿಂತುಬಿಟ್ಟ ಇಂಗ್ಲಿಷು.

೫

ತಪ್ಪೆಂದು ಎಣಿಸಲ್ಪಡುವ ಎಲ್ಲವೂ ತಪ್ಪೇ ಎಂಬ ಪ್ರಶ್ನೆಯನ್ನೂ ಇಲ್ಲಿ ಎತ್ತಬೇಕಾಗಿದೆ. ಮುಂದೂಡುವುದಕ್ಕೆ ‘ಪೋಸ್ಟ್‌ಪೋನ್’ ಎಂದಿರುವಾಗ ಮುಂಚಿತವಾಗಿಯೇ ನಡೆಸುವುದಕ್ಕೆ ‘ಪ್ರಿಪೋನ್’ ಎಂದು ಭಾರತೀಯರು ಬಳಸುವ ಶಬ್ದವು ಇಂಗ್ಲೆಂಡಿನ ನಿಘಂಟುಗಳಲ್ಲಿಯೇ ಸ್ಥಾನವನ್ನು ಪಡೆದಿದೆ. ಊರಿನಲ್ಲಿಲ್ಲದವನನ್ನು ‘ಔಟ್ ಆಫ್ ಸ್ಟೇಷನ್’ ಎನ್ನುವುದು ಕಂಪನಿ ಸರ್ಕಾರದ ಕಾಲದಿಂದ ಭಾರತದಲ್ಲಿ ಉಳಿದುಬಂದ ಮಾತು. ಇವುಗಳನ್ನು ಅಂಕಗಳಿಗಾಗಿ ಕತ್ತರಿಸುವುದು ವಿವೇಕವಲ್ಲ.

ಕನ್ನಡನಾಡಿನ ಸಾಹಿತಿಗಳೇ ಈ ವಿಷಯದಲ್ಲಿ ಬೆಳಕನ್ನು ತೋರಿಸಿರುವರು. ಹಾಸನದಲ್ಲಿ ಹುಟ್ಟಿದ ರಾಜಾರಾಯರು ೧೯೩೮ರಲ್ಲಿ ಪ್ರಕಟಿಸಿದ ‘ಕಾಂತಾಪುರ’ವೆಂಬ ಇಂಗ್ಲಿಷ್ ಕಾದಂಬರಿಯಲ್ಲಿ, ಹಳ್ಳಿಯ ಮುದುಕಿಯೊಬ್ಬಳ ಬಾಯಿಂದ ಕನ್ನಡದ ಓಟವುಳ್ಳ ಇಂಗ್ಲಿಷನ್ನು ಆಡಿಸಿದರು. ವಾಕ್ಯಗಳು ನಿಲ್ಲದೆ ‘ಆ್ಯಂಡ್’ ‘ಆ್ಯಂಡ್’ ಎಂದು ಹರಿಯುವುವು. ಪರೀಕ್ಷಕನ ಕೈಗೆ ಸಿಕ್ಕಿದ್ದರೆ ಎಷ್ಟು ಗೆರೆಗಳು ಬೀಳುತ್ತಿದ್ದುವೋ! ಕೈಲಾಸಂ ಅವರ ನಾಟಕಗಳಲ್ಲಿ ಬೆಂಗಳೂರಿನ ಮಧ್ಯಮವರ್ಗದವರು ಆಡುವ ಕಲಬೆರಕೆಯ ಮಾತು, ಎರಡೂ ಭಾಷೆಗಳನ್ನು ಅಂಗೈ ನೆಲ್ಲಿಯಂತೆ ಬಲ್ಲ ಲೇಖಕನ ಸೃಷ್ಟಿ. ರಾಜಾರಾಯರಿಗೂ ಕೈಲಾಸಂ ಅವರಿಗೂ ನಿಯಮವು ತಿಳಿದಿತ್ತು, ತಿಳಿದು ಮೀರಿದರು. ನಿಯಮವು ತಿಳಿಯದೆ ಮೀರಿದವನಿಗೆ ಆ ಸ್ವಾತಂತ್ರ್ಯವಿಲ್ಲ. ಅವನು ಬೇರೆ ಬಗೆಯಲ್ಲಿ ಹೇಳಬೇಕೆಂದಾಗ ಹೇಳಲಾರನು. ಆದುದರಿಂದ ಎಲ್ಲವೂ ‘ಭಾರತೀಯ ಇಂಗ್ಲಿಷು’ ಎಂದು ಒಪ್ಪಿಕೊಂಡು ತಿದ್ದುವುದನ್ನೇ ಬಿಡುವ ಔದಾರ್ಯವೂ ವಿದ್ಯಾರ್ಥಿಗೆ ಉಪಕಾರಿಯಲ್ಲ. ಅಂತಹ ಔದಾರ್ಯವನ್ನು ತೋರಿಸುವವರು ಸಾಮಾನ್ಯವಾಗಿ ತಮ್ಮ ಮಕ್ಕಳ ಇಂಗ್ಲಿಷನ್ನು ಮನೆಯಲ್ಲಿ ಎಚ್ಚರದಿಂದ ತಿದ್ದುವರು. ‘ಇಟ್ ಸೀಮ್ಸ್’ ಎಂಬುದು ಜಯನಗರದ ಸಂಕೀರ್ಣದಲ್ಲಿ ಸಲ್ಲುವುದೆಂದೂ, ಬಿ.ಟಿ.ಎಂ. ಬಡಾವಣೆಯ ಕಚೇರಿಯಿಂದ ಪರದೇಶಕ್ಕೆ ಬರೆಯುವ ಪತ್ರದಲ್ಲಿ ಸಲ್ಲದೆಂದೂ ವಿದ್ಯಾರ್ಥಿಗೆ ತಿಳಿಸಿದರೆ, ಅವನಿಗೆ ಎರಡೂ ಕೈಗೂಡಿದಂತಾಗುವುದು.

೬

ಹಾಗಾದರೆ ತಿದ್ದುವ ಬಗೆ ಯಾವುದು? ಈ ಪ್ರಶ್ನೆಗೆ ಬೆಂಗಳೂರಿನ ಹೆಸರನ್ನೇ ಹೊತ್ತ ಉತ್ತರವೊಂದು ಲೋಕಪ್ರಸಿದ್ಧವಾಗಿದೆ. ಮದರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದ ಎನ್. ಎಸ್. ಪ್ರಭು ಅವರು ೧೯೭೯ರಿಂದ ೧೯೮೪ರವರೆಗೆ ಬೆಂಗಳೂರು, ಮದರಾಸು ಮೊದಲಾದ ಕಡೆಯ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗವು ‘ಬೆಂಗಳೂರು ಪ್ರಾಜೆಕ್ಟ್’ ಎಂದು ಹೆಸರಾಯಿತು. ಅದರ ವಿವರವನ್ನು ಅವರು ೧೯೮೭ರಲ್ಲಿ ಗ್ರಂಥರೂಪವಾಗಿ ಕೊಟ್ಟರು. ವ್ಯಾಕರಣವನ್ನು ಪಾಠವಾಗಿ ಹೇಳಿಕೊಟ್ಟರೆ ಬಾರದು. ವಿದ್ಯಾರ್ಥಿಯ ಮನಸ್ಸು ಅರ್ಥದಲ್ಲಿ ಮಗ್ನವಾಗಿರುವಾಗ ವ್ಯಾಕರಣವು ತಾನಾಗಿಯೇ ಒಳಗೆ ನೆಲಸುವುದು ಎಂಬುದು ಅವರ ಸಿದ್ಧಾಂತ. ಅದರಂತೆ ಮಕ್ಕಳಿಗೆ ರೈಲಿನ ವೇಳಾಪಟ್ಟಿಯನ್ನೋ ಊರಿನ ನಕ್ಷೆಯನ್ನೋ ಕೊಟ್ಟು, ಇಂತಹ ಗಾಡಿಯಲ್ಲಿ ಹೊರಟರೆ ಎಷ್ಟು ಹೊತ್ತಿಗೆ ತಲಪುವರು ಎಂಬಂತಹ ಲೆಕ್ಕಗಳನ್ನು ಇಂಗ್ಲಿಷಿನಲ್ಲಿ ಬಿಡಿಸಲು ಹೇಳುತ್ತಿದ್ದರು. ಮಗುವು ತಪ್ಪಾಡಿದರೆ ಉಪಾಧ್ಯಾಯರು ನಿಯಮವನ್ನು ವಿವರಿಸದೆ, ಸರಿಯಾದ ರೂಪವನ್ನು ತಾವೊಮ್ಮೆ ಆಡಿ ಕೆಲಸವನ್ನು ಮುಂದುವರಿಸುತ್ತಿದ್ದರು. ಭಾಷಾಬೋಧನೆಯ ಇತಿಹಾಸದಲ್ಲಿ ಈ ಪ್ರಯೋಗಕ್ಕೆ ಗೌರವದ ಸ್ಥಾನವುಂಟು. ಕೆಲಸಗಳ ಮೂಲಕ ಭಾಷೆಯನ್ನು ಕಲಿಸುವ ಪದ್ಧತಿಯನ್ನು ಚರ್ಚಿಸುವವರು ಬೆಂಗಳೂರನ್ನು ಇಂದಿಗೂ ನೆನೆಯುವರು.

ಪ್ರಭು ಅವರ ಪದ್ಧತಿಯ ದೊಡ್ಡ ಗುಣವೆಂದರೆ ಅದು ತಪ್ಪಿನ ಭಯವನ್ನು ಕಳೆಯಿತು. ತರಗತಿಯಲ್ಲಿ ನಗೆಗೀಡಾಗಿ ಬಾಯಿಮುಚ್ಚಿದ ಹುಡುಗನಿಗೆ ಬೇಕಾದುದು ಮೊದಲು ಇದೇ. ಆದರೆ ಅವರ ಪ್ರಯೋಗವು ಶಾಲೆಯ ಮಕ್ಕಳನ್ನು ಕುರಿತದ್ದೆಂಬುದನ್ನು ಮರೆಯಬಾರದು. ಹದಿನೆಂಟು ಇಪ್ಪತ್ತು ವಯಸ್ಸಿನ ಕಾಲೇಜು ವಿದ್ಯಾರ್ಥಿಗೆ ಉಳಿದಿರುವ ಕಾಲವು ಕಡಮೆ. ಅವನ ತಪ್ಪುಗಳು ಕೆಲವು ಈಗಾಗಲೇ ಹೆಪ್ಪುಗಟ್ಟಿರುವುವು. ಅದರೊಡನೆ, ಮಗುವಿಗಿಲ್ಲದ ಒಂದು ಶಕ್ತಿ ಅವನಿಗುಂಟು: ವಿಂಗಡಿಸಿ ಹೋಲಿಸಿ ತರ್ಕಿಸುವ ಶಕ್ತಿ. ಅದನ್ನು ಉಪಯೋಗಿಸದೆ ಬಿಡುವುದು ನಷ್ಟ. ಇಂತಹವನಿಗೆ ರೆನ್ನನ ವ್ಯಾಕರಣವೊಂದೇ ಸಾಲದು, ಪ್ರಭು ಅವರ ವೇಳಾಪಟ್ಟಿಯೊಂದೇ ಸಾಲದು. ಅವನ ಸ್ವಂತ ಕನ್ನಡವನ್ನು ಸಾಕ್ಷಿಗೆ ಕರೆಯಬೇಕು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ‘ಐ ಡಿಡ್ ನಾಟ್ ವೆಂಟ್’ ಎಂಬುದು ಕಾಲೇಜುಗಳಲ್ಲಿ ಬಹು ಸಾಮಾನ್ಯವಾದ ತಪ್ಪು. ‘ಡಿಡ್’ ಬಂದ ಮೇಲೆ ಕ್ರಿಯಾಪದವು ಮೂಲರೂಪದಲ್ಲಿರಬೇಕೆಂಬ ನಿಯಮವನ್ನು ಹತ್ತು ವರ್ಷ ಕೇಳಿದವನೂ ಇದನ್ನು ಬರೆಯುವನು. ಅವನನ್ನು ಕನ್ನಡಕ್ಕೆ ಕರೆದೊಯ್ದು, ‘ಹೋದೆ’ ಎಂಬುದರ ನಿಷೇಧವೇನೆಂದು ಕೇಳಬೇಕು. ‘ಹೋಗಲಿಲ್ಲ’ ಎಂದು ಅವನು ಹೇಳುವನು. ‘ಹೋದೆ’ಯಲ್ಲಿದ್ದ ಭೂತಕಾಲದ ಗುರುತು ಎಲ್ಲಿ ಹೋಯಿತು? ‘ನಾನು’ ಎಂಬುದನ್ನು ತೋರಿಸುತ್ತಿದ್ದ ಪ್ರತ್ಯಯವೆಲ್ಲಿ? ನಿಷೇಧ ಬಂದೊಡನೆ ಕನ್ನಡದ ಧಾತುವೂ ಆ ಗುರುತುಗಳನ್ನು ಕಳಚಿಟ್ಟು ‘ಹೋಗಲು’ ಎಂಬ ರೂಪಕ್ಕೆ ಇಳಿದಿದೆ. ‘ಹೋದೆನ್’ ಮತ್ತು ‘ಇಲ್ಲ’ ಎರಡನ್ನೂ ಅಂಟಿಸಿ ‘ಹೋದೆನಿಲ್ಲ’ ಎಂದು ಅವನು ಎಂದೂ ಆಡಲಾರನು. ಇಂಗ್ಲಿಷು ಮಾಡುವುದೂ ಇಷ್ಟೇ. ಭೂತಕಾಲದ ಗುರುತನ್ನು ‘ಡಿಡ್’ ಎಂಬುದು ಹೊತ್ತುಕೊಂಡಮೇಲೆ ‘ವೆಂಟ್’ ತನ್ನ ಗುರುತನ್ನು ಬಿಟ್ಟು ‘ಗೋ’ ಆಗುವುದು. ಹೀಗೆ ತೋರಿಸಿದ ನಿಯಮವು ಹೊರಗಿನಿಂದ ಹೇರಿದ ಆಜ್ಞೆಯಾಗಿ ಉಳಿಯದೆ, ತನಗೆ ಮೊದಲೇ ತಿಳಿದಿದ್ದ ಮರ್ಮವಾಗಿ ವಿದ್ಯಾರ್ಥಿಯ ಮನಸ್ಸಿಗೆ ಹತ್ತುವುದು.

ಇದಕ್ಕೆ ಅಡ್ಡಿಯಾಗಿರುವುದು ಕನ್ನಡ ವ್ಯಾಕರಣದ ಬೋಧನೆಯ ಸ್ಥಿತಿಯೇ. ಶಾಲೆಗಳಲ್ಲಿ ಕಲಿಸುವ ಕನ್ನಡ ವ್ಯಾಕರಣವು ಬಹುಮಟ್ಟಿಗೆ ಸಂಸ್ಕೃತದ ಚೌಕಟ್ಟಿನಲ್ಲಿಯೇ ನಡೆಯುತ್ತಿದೆಯೆಂದೂ, ಕನ್ನಡದ ಸ್ವಂತ ರಚನೆಯನ್ನು ಅದು ಮರೆಮಾಡುತ್ತಿದೆಯೆಂದೂ ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಗ್ರಂಥದಲ್ಲಿ ವಾದಿಸಿದರು. ಅವರ ಬರವಣಿಗೆಯ ಸುಧಾರಣೆಗಳನ್ನು ಒಪ್ಪದವರೂ ಈ ಮಾತನ್ನು ತಳ್ಳಿಹಾಕುವಂತಿಲ್ಲ. ತೃತೀಯೆಗೆ ‘ಇಂದ’, ಪಂಚಮಿಗೆ ‘ದೆಸೆಯಿಂದ’ ಎಂದು ಬಾಯಿಪಾಠಮಾಡಿದ ಹುಡುಗನು, ತಾನು ದಿನವೂ ಎರಡಕ್ಕೂ ‘ಇಂದ’ ಎಂದೇ ಆಡುವನೆಂಬುದನ್ನು ಗಮನಿಸಲು ಕಲಿಯುವುದಿಲ್ಲ. ತನ್ನ ಭಾಷೆಯನ್ನೇ ಗಮನಿಸಲು ಕಲಿಯದವನು ಪರಭಾಷೆಯನ್ನು ಗಮನಿಸುವುದೆಂತು? ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವನ ಸ್ಥಿತಿಯು ಇದಕ್ಕಿಂತ ಮೇಲಲ್ಲ. ಅವನಿಗೆ ಕನ್ನಡದ ವ್ಯಾಕರಣವು ಪರೀಕ್ಷೆಗೆ ಬೇಕಾದ ನಾಲ್ಕು ಅಂಕಗಳ ಪ್ರಶ್ನೆ ಮಾತ್ರ.

ಶಿಕ್ಷಣಮಾಧ್ಯಮದ ವಿವಾದವು ಕರ್ನಾಟಕದಲ್ಲಿ ೧೯೮೨ರ ಗೋಕಾಕ್ ಚಳವಳಿಯಿಂದ ೨೦೧೪ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನವರೆಗೆ ನಡೆದು, ಮಾತೃಭಾಷೆಯನ್ನು ಮಾಧ್ಯಮವಾಗಿ ಸರ್ಕಾರವು ಕಡ್ಡಾಯಮಾಡುವಂತಿಲ್ಲವೆಂದು ಮುಗಿಯಿತು. ಆ ವಿವಾದದಲ್ಲಿ ಎರಡು ಭಾಷೆಗಳು ಒಂದರ ಎದುರಿಗೆ ಒಂದು ನಿಂತುವು. ಚಳವಳಿಗೆ ಹೆಸರನ್ನು ಕೊಟ್ಟ ವಿನಾಯಕ ಕೃಷ್ಣ ಗೋಕಾಕರು ಸ್ವತಃ ಇಂಗ್ಲಿಷಿನ ಪ್ರಾಧ್ಯಾಪಕರೆಂಬುದನ್ನೂ, ಇಂಗ್ಲಿಷ್ ಬೋಧನೆಗಾಗಿಯೇ ಹೈದರಾಬಾದಿನಲ್ಲಿ ಸ್ಥಾಪಿತವಾದ ಕೇಂದ್ರ ಸಂಸ್ಥೆಯ ನಿರ್ದೇಶಕರಾಗಿದ್ದವರೆಂಬುದನ್ನೂ ಉಭಯಪಕ್ಷದವರೂ ಮರೆತಂತೆ ಕಾಣುವುದು. ಅವರಿಗಿಂತ ಹಿಂದಿನ ಬಿ. ಎಂ. ಶ್ರೀಕಂಠಯ್ಯನವರೂ ಇಂಗ್ಲಿಷ್ ಪ್ರಾಧ್ಯಾಪಕರೇ. ೧೯೧೧ರಲ್ಲಿ ಧಾರವಾಡದಲ್ಲಿ ಕನ್ನಡ ಮಾತು ತಲೆ ಎತ್ತುವ ಬಗೆಯನ್ನು ಕುರಿತು ಉಪನ್ಯಾಸಮಾಡಿದವರೂ, ‘ಇಂಗ್ಲಿಷ್ ಗೀತಗಳು’ ಎಂಬ ಸಂಗ್ರಹದಿಂದ ಹೊಸಗನ್ನಡ ಕಾವ್ಯಕ್ಕೆ ದಾರಿಮಾಡಿದವರೂ ಅವರೇ. ಇಂಗ್ಲಿಷಿನ ಜ್ಞಾನದಿಂದ ಕನ್ನಡವು ಬಲವಾದುದಕ್ಕೆ ಅವರು ನಿದರ್ಶನ. ಕನ್ನಡದ ಜ್ಞಾನದಿಂದ ಇಂಗ್ಲಿಷು ಬಲವಾಗಬಹುದೆಂಬುದನ್ನು ತೋರಿಸುವ ಕೆಲಸವು ಉಳಿದಿದೆ.

ಅದಕ್ಕೆ ದೊಡ್ಡ ಏರ್ಪಾಡುಗಳೇನೂ ಬೇಕಾಗಿಲ್ಲ. ಒಂದೇ ಕಾಲೇಜಿನಲ್ಲಿ ಒಂದೇ ಸೂರಿನ ಕೆಳಗೆ ಕನ್ನಡ ವಿಭಾಗವೂ ಇಂಗ್ಲಿಷ್ ವಿಭಾಗವೂ ಇವೆ. ಎರಡು ವಿಭಾಗಗಳ ಉಪಾಧ್ಯಾಯರು ವರ್ಷಕ್ಕೊಮ್ಮೆ ಒಂದು ಕಡೆ ಕುಳಿತು, ಆ ವರ್ಷದ ಉತ್ತರಪತ್ರಿಕೆಗಳಿಂದ ನೂರು ವಾಕ್ಯಗಳನ್ನು ಆಯ್ದು, ಕನ್ನಡದಿಂದ ಬಂದ ತಪ್ಪು ಯಾವುದು, ಇಂಗ್ಲಿಷಿನ ವೈಚಿತ್ರ್ಯದಿಂದ ಬಂದುದು ಯಾವುದು, ಬೋಧನೆಯ ದೋಷದಿಂದ ಬಂದುದು ಯಾವುದು, ತಪ್ಪೇ ಅಲ್ಲದ ದೇಶೀಯ ಬಳಕೆ ಯಾವುದು ಎಂದು ನಾಲ್ಕು ಪಂಕ್ತಿಗಳಾಗಿ ವಿಂಗಡಿಸಿದರೆ ಸಾಕು. ಮನೆಯಲ್ಲಿ ಬೇರೆ ಭಾಷೆಯನ್ನಾಡುವ ವಿದ್ಯಾರ್ಥಿಗಳ ವಾಕ್ಯಗಳನ್ನೂ ಅದರೊಡನೆ ಹೋಲಿಸಿ ನೋಡಬಹುದು. ತೆಲುಗು ತಮಿಳುಗಳವರಲ್ಲಿಯೂ ಅದೇ ತಪ್ಪು ಕಂಡರೆ ಒಂದು ನಿರ್ಣಯ, ಕಾಣದಿದ್ದರೆ ಇನ್ನೊಂದು. ಆ ನಾಲ್ಕು ಪಂಕ್ತಿಗಳಿಗೆ ಚಿಕಿತ್ಸೆಯೂ ನಾಲ್ಕು ಬಗೆ. ಮೊದಲನೆಯದಕ್ಕೆ ಹೋಲಿಕೆ, ಎರಡನೆಯದಕ್ಕೆ ಹೆಚ್ಚಿನ ಓದು ಮತ್ತು ತಾಳ್ಮೆ, ಮೂರನೆಯದಕ್ಕೆ ಪಾಠಕ್ರಮದ ತಿದ್ದುಪಡಿ, ನಾಲ್ಕನೆಯದಕ್ಕೆ ಎಲ್ಲಿ ಸಲ್ಲುವುದು ಎಲ್ಲಿ ಸಲ್ಲದು ಎಂಬ ತಿಳಿವಳಿಕೆ. ಎಲ್ಲಕ್ಕೂ ಒಂದೇ ಕೆಂಪು ಗೆರೆಯನ್ನೆಳೆಯುವುದು, ಎಲ್ಲ ರೋಗಗಳಿಗೂ ಒಂದೇ ಕಷಾಯವನ್ನು ಕೊಡುವಂತೆ ಆಗುವುದು.

ಕೊನೆಯದಾಗಿ, ವಿದ್ಯಾವಂತರ ಮನೆಗಳಿಗೂ ಇದರಲ್ಲಿ ಪಾತ್ರವುಂಟು. ಮಳವಳ್ಳಿಯಿಂದ ಬಂದ ವಿದ್ಯಾರ್ಥಿಯ ‘ಇಟ್ ಸೀಮ್ಸ್’ ಕೇಳಿ ನಗುವ ಮುನ್ನ, ಆ ಮಾತಿನ ಹಿಂದೆ ‘ಅಂತೆ’ ಎಂಬ, ಇಂಗ್ಲಿಷಿನಲ್ಲಿ ಸರಿಜೋಡಿಯಿಲ್ಲದ ಅವ್ಯಯವೊಂದಿದೆಯೆಂಬುದನ್ನು ನೆನೆಯುವುದು ಒಳ್ಳೆಯದು. ಅವನು ಇಂಗ್ಲಿಷನ್ನು ಸರಿಯಾಗಿ ಕಲಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕನ್ನಡವನ್ನು ಅವಮಾನದ ಕಾರಣವೆಂದು ಎಣಿಸುವಂತೆ ಮಾಡಿ ಕಲಿಸಿದ ಇಂಗ್ಲಿಷು ಅವನಿಗೆ ಪೂರ್ತಿಯಾಗಿ ಬಾರದು. ಅಷ್ಟರೊಳಗೆ ಕನ್ನಡವೂ ಅವನ ಕೈತಪ್ಪಿ ಹೋಗುವುದು.